ಟಾಪ್ ಎತ್ತರಿಸಿದ ವ್ಯಾನಿಗೆ ಬಾಗಿಲೂ ಎತ್ತರ ಬೇಕೇ?

ಪ್ರಶ್ನೆ (ಕಾರವಾರ): ವ್ಯಾನಿನ ಟಾಪ್ 35 ಸೆಂ.ಮೀ. ಎತ್ತರಿಸಿ ಕ್ಯಾಂಪರ್ (ಒಳಗೇ ಮಲಗಿ ಉಳಿದು ಪ್ರವಾಸ ಮಾಡುವ ಗಾಡಿ) ಮಾಡಿಸುತ್ತಿದ್ದೇನೆ. ಒಳಗೆ ನೇರ ನಿಲ್ಲಬಹುದು, ಹತ್ತುವಾಗ ಮಾತ್ರ ತಲೆ ಬಗ್ಗಿಸಬೇಕು. ಪಕ್ಕದ ಸ್ಲೈಡಿಂಗ್ ಬಾಗಿಲು, ಹಿಂದಿನ ಜೋಡಿ ಬಾಗಿಲು ಎರಡನ್ನೂ ಎತ್ತರಿಸಬಹುದೇ?

ಉತ್ತರ (ಶಿರಸಿ): ಸ್ಲೈಡಿಂಗ್ ಮುಟ್ಟಲೇಬೇಡಿ ಮಾರಾಯ್ರೇ. ಮೇಲಿನ ರೋಲರ್ ಓಡುವ ಹಳಿ ಇರುವ ಅಡ್ಡಪಟ್ಟಿಯೇ ಬಾಗಿಲಿನ ಅಕ್ಕಪಕ್ಕದ ಎರಡು ಕಂಬಗಳನ್ನು ಹಿಡಿದಿಡುವುದು. ಅದನ್ನು ಕತ್ತರಿಸಿದರೆ ಹೊಂಡದ ರಸ್ತೆಯಲ್ಲಿ ಬಾಡಿ ತಿರುಚಿ ಬಾಗಿಲು ಸಿಕ್ಕಿಕೊಳ್ಳುತ್ತದೆ.

ಹಿಂದಿನದನ್ನು ಮಾಡಿಸಿ. ಮೊದಲು 40×40×2 ಮಿ.ಮೀ. ಚೌಕ ಪೈಪನ್ನು ಹೊಸ ಎತ್ತರದಲ್ಲಿ ಎರಡೂ ಕಂಬಕ್ಕೆ ವೆಲ್ಡ್ ಮಾಡಿ, ಆಮೇಲಷ್ಟೇ ಹಳೆಯ ಅಡ್ಡಪಟ್ಟಿ ಕತ್ತರಿಸಬೇಕು. ಬಾಗಿಲ ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡೂ ಕಡೆ ಟೇಪ್ ಹಿಡಿದು ನೋಡಿ, ಅಳತೆ ಒಂದೇ ಬರಬೇಕು. 1 ಮಿ.ಮೀ. ತಗಡು ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತದೆ, 75 ಸೆಂ.ಮೀ. ಅಗಲದ ಒಂದು ಬಾಗಿಲನ್ನು 35 ಸೆಂ.ಮೀ. ಎತ್ತರಿಸಿದರೆ ಒಳ–ಹೊರ ತಗಡೇ 4 ಕೆ.ಜಿ. ಹೆಚ್ಚಾಗುತ್ತದೆ, ಫ್ರೇಮ್ ಬೇರೆ. ಹಾಗಾಗಿ ಮೇಲೊಂದು ಹಿಂಜ್ ಸೇರಿಸಿ. ಎಲ್ಲ ಹಿಂಜ್ ಪಿನ್ನುಗಳೂ ಒಂದೇ ಗೆರೆಯಲ್ಲಿರಲಿ, ಇಲ್ಲದಿದ್ದರೆ ಬಾಗಿಲು ಎಳೆದಾಡಿ ಪಿನ್ ಸವೆಯುತ್ತದೆ. ಮೇಲಿನ ಲಾಕ್ ರಾಡನ್ನೂ (ಹಿಡಿಯಿಂದ ಮೇಲಿನ ಕೊಂಡಿಗೆ ಹೋಗುವ ಸರಳು) ಉದ್ದ ಮಾಡಿಸಿ ನಡುವೆ ಗೈಡ್ (ಸರಳನ್ನು ನೇರ ಹಿಡಿಯುವ ಆಧಾರ) ಕೊಡಿ. ಬರಿಯ ರಾಡು ಬಾಗಿ ಕೊಂಡಿ ಸರಿಯಾಗಿ ಕೂರುವುದಿಲ್ಲ.

ಉತ್ತರ (ಕುಮಟಾ): ಕರಾವಳಿಯಲ್ಲಿ ತುಕ್ಕೇ ದೊಡ್ಡ ಶತ್ರು. ವೆಲ್ಡಿಂಗ್ ಶಾಖಕ್ಕೆ ಒಳಗಿನ ಪ್ರೈಮರ್ ಸುಟ್ಟುಹೋಗುತ್ತದೆ, ಹೊರಗಿನ ಪೇಂಟ್ ಚೆಂದ ಕಂಡರೂ ಉಪ್ಪುಗಾಳಿ ಒಳಗಿಂದಲೇ ತಿನ್ನುತ್ತದೆ. ಟೊಳ್ಳು ಭಾಗಗಳಿಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆಸಿ, ಬಾಗಿಲ ತಳದ ನೀರಿನ ತೂತು ಮುಚ್ಚದಂತೆ ನೋಡಿಕೊಳ್ಳಿ. ಹೊಸ ಬಾಗಿಲ ಮೇಲೆ ಮಳೆನೀರನ್ನು ಪಕ್ಕಕ್ಕೆ ಹರಿಸುವ ಪಟ್ಟಿ ಬೇಕೇ ಬೇಕು. ನಮ್ಮ ಜುಲೈ ಮಳೆಗೆ ಬರೀ ರಬ್ಬರ್ ಸಾಲದು.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಬದಲಾವಣೆಗೆ ಆರ್‌ಟಿಓ ಒಪ್ಪಿಗೆ ಬೇಕು. ಕಟರ್ ಹಿಡಿಯುವ ಮೊದಲೇ ಅರ್ಜಿ ಕೊಡಿ.