ಮಿರ್ಚಿ ಬಂಡಿ ಓಪಿಡಿ

ಗಂಗಾವತಿಯೊಳಗ ಯಾರಿಗರ ಮೈಯಾಗ ನೋವು ಬಂತಂದ್ರ ಮೊದಲು ಗೊತ್ತಾಗೋದು ಮಿರ್ಚಿ ಬಂಡಿಗೆ, ಆಮೇಲೆ ಹೆಂಡ್ತಿಗೆ, ಕಟ್ಟಕಡೀಗೆ ಡಾಕ್ಟರಿಗೆ. ಮೊನ್ನೆ ವೀರೇಶ ಕೊರಳೆಲುಬಿನ ಮ್ಯಾಲೆ ಕೈ ಇಟ್ಕೊಂಡು ಬಂದ, ಥೇಟ್ ಪ್ರಮಾಣವಚನ ತಗೊಳ್ಳೋ ಮಂತ್ರಿಯಂಗ.

"ಏನಲೇ, ಕಾಲರ್ ಬೋನ್ ಮುರ್ಕೊಂಡೇನು?" ಅಂದ ಹಮಾಲ ಹುಲಗಪ್ಪ.

"ಮುರಿಯಾಕ ನಾ ಎಲ್ಲಿ ಬಿದ್ದೀನೋ?"

"ನನ್ನ ಅಳಿಯ ಬೈಕಿನಿಂದ ಹೆಗಲ ಮ್ಯಾಲೆ ಬಿದ್ದ ನೋಡು, ಎಲುಬು ನಟ್ಟನಡು ಪಟಕ್! ಹೆಚ್ಚಾಗಿ ಅದು ನಡೂವನ ಮುರೀತೈತಂತ. ಕೈಗೆ ಜೋಳಿಗಿ ಹಾಕಿ ಆರು ವಾರ ಸುಮ್ಮನ ಕುಂದ್ರು ಅಂದ್ರು. ಆರೂ ವಾರ ನಮ್ಮನ್ಯಾಗ ಕುಂತ. ಅವನ ಎಲುಬು ಕೂಡ್ತು, ನಮ್ಮ ಅಕ್ಕಿ ಚೀಲ ಖಾಲಿ ಆತು."

ವೀರೇಶ ನಗಲಿಲ್ಲ. ಹುಲಗಪ್ಪನೂ ಬಿಡಲಿಲ್ಲ. "ಭಾರ ಹೊತ್ತರೂ ಬರ್ತೈತಪಾ. ಎಲುಬಿನ ತುದಿ ಹೆಗಲಿಗೆ ಕೂಡೋ ಸಂದು ಸವೀತೈತಿ. ಕೈ ಎದಿ ಮ್ಯಾಲೆ ಅಡ್ಡ ತಂದ್ರ ಅಲ್ಲೇ ಚುಳುಕ್ ಅಂತೈತಿ. ಜಿಮ್ ಹುಡುಗ್ರಿಗೂ ಅದ ಗೋಳು. ನಾವು ರೊಕ್ಕ ತಗೊಂಡು ಹೊರ್ತೀವಿ, ಅವರು ರೊಕ್ಕ ಕೊಟ್ಟು ಹೊರ್ತಾರ."

"ನಾ ಹೊರೋದು ಮೊಬೈಲ್ ಒಂದ."

ಕಾಂಪೌಂಡರ್ ಕಾಕಾಗ ಅಷ್ಟ ಸಾಕಾತು. "ಹಂಗಾದ್ರ ಕುತ್ತಿಗಿ ನೋಡ್ಬೇಕು. ತಲಿ ಬಗ್ಗಿಸಿ ಕುಂತು ಕುಂತು ಸ್ನಾಯು ಬಿಗೀತಾವು. ಕೊರಳೆಲುಬಿಗೂ ಮೊದಲನೇ ಪಕ್ಕೆಲುಬಿಗೂ ನಡುವಿನ ಸಂದ್ಯಾಗ ಕೈಗೆ ಹೋಗೋ ನರ, ರಕ್ತನಾಳ ಅದಾವು. ಅಲ್ಲಿ ಒತ್ತಿದ್ರ ಕೈ ಜೋಮು ಹಿಡೀತೈತಿ. ಹಿಡೀತೈತೇನು?"

"ಕೈ ಕಿಸೆಕ್ಕ ಹೋದಾಗ ಮಾತ್ರ ಹಿಡೀತೈತ್ರಿ" ಅಂದ ಬಂಡಿ ಮಾಲಕ.

"ಬಲಗಡೆ ಇದ್ರ ಪಿತ್ತಕೋಶದ ಹಳ್ಳೂ ಇರಬಹುದು. ವಪೆ ಅಂದ್ರ ಎದಿಗೂ ಹೊಟ್ಟಿಗೂ ನಡುವಿನ ಉಸಿರಾಟದ ಪರದೆ; ಅದರ ನರ ಹೊರಡೋದು ಕುತ್ತಿಗಿಯಿಂದ, ಅದಕ್ಕ ಹೊಟ್ಟ್ಯಾಗ ಕೆರಳಿದ್ರ ಹೆಗಲಿಗೆ ನೋವು. ಕರಿದಿದ್ದು ತಿಂದ ಮ್ಯಾಲೆ ಜಾಸ್ತಿ ಆಕ್ಕೈತೇನು?"

"ಕಾಕಾ, ಗಿರಾಕಿ ಮುಂದ ಇಂಥಾ ಮಾತು ಬ್ಯಾಡ್ರಿ!"

ಕಾಕಾ ಈ ಸಲ ನಗಲಿಲ್ಲ. "ಎದಿ ಬಿಗಿಯೋದು, ಉಸಿರು ಕಟ್ಟೋದು, ಬೆವರು, ಎಡಗೈಗೋ ದವಡೆಗೋ ನೋವು ಇಳಿಯೋದು, ಇವು ಇದ್ರ ಇಲ್ಲಿ ಕುಂದ್ರಬ್ಯಾಡ, 108ಕ್ಕ ಫೋನ್ ಹಚ್ಚು. ಎಲುಬಿನ ಮ್ಯಾಲೆ ಗಂಟು ಬಂದು ಕರಗದಿದ್ರೂ ತೋರಿಸ್ಬೇಕು."

"ಕಾಕಾ, ನನಗ ಬೆವರು ಬರಾಕತ್ತೈತ್ರಿ!"

"ಈ ಬಿಸಲಾಗ ಎಲ್ಲರಿಗೂ ಬರಾಕತ್ತೈತಿ. ಎದಿ ಬಿಗೀತೈತೇನು? ಉಸಿರು?"

"ಏನೂ ಇಲ್ರಿ. ಕೈ ಎತ್ತಿದ್ರ, ಮುಟ್ಟಿದ್ರ ನೋವು."

"ಯಾವಾಗಿಂದ?"

"ಶನಿವಾರ ಅಂಜನಾದ್ರಿ ಬೆಟ್ಟ ಹತ್ತಿ ಬಂದಾಗಿಂದ. ಮಗ ನಡೆಯಂಗಿಲ್ಲ ಅಂತ ಹಟ ಹಿಡಿದ, ಹೆಗಲ ಮ್ಯಾಲೆ ಕುಂದ್ರಿಸ್ಕೊಂಡೆ."

"575 ಮೆಟ್ಲ! ಮಗಗ ಎಷ್ಟು ವಯಸ್ಸು?"

"ಒಂಬತ್ತು."

ಮಿರ್ಚಿ ಕಡಿಯೋ ಸಪ್ಪಳನೂ ನಿಂತಿತು.

"ಇದನ್ನ ಮೊದಲ ಹೇಳಾಕ ಏನಾಗಿತ್ತಲೇ?"

"ನೀವು ಕೇಳಿದ್ರಲ್ಲೇನು ಹೇಳೋದು!"

ಹುಲಗಪ್ಪ ಮನಸಿನಾಗ ತೂಕ ಹಾಕಿ ಕೇಳಿದ: "25 ಕೆಜಿ ಚೀಲ ಆತು. ಹಮಾಲಿ ಎಷ್ಟು ಕೊಟ್ಟ ಮಗ?"