1962ರ ಜಾಗ್ವಾರ್ ಈ-ಟೈಪ್: ಕಾರ್ಖಾನೆಯಲ್ಲಿ ಕೂರಿಸಿದ ಇಂಜಿನ್ನನ್ನು ಹುಡುಕುವುದು ಹೇಗೆ?

ಪ್ರಶ್ನೆ: ಕೊವೆಂಟ್ರಿ ಕನ್ನಡಿಗ

ಎಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯವನು. ಕೆಲಸದ ನಿಮಿತ್ತ ಇಂಗ್ಲೆಂಡಿಗೆ ಬಂದು ಕೊವೆಂಟ್ರಿಯಲ್ಲಿ ನೆಲೆಸಿ ಹದಿನೇಳು ವರ್ಷಗಳಾದವು. ಎರಡು ವರ್ಷಗಳ ಹಿಂದೆ, 1962ರಲ್ಲಿ ತಯಾರಾದ ಜಾಗ್ವಾರ್ ಈ-ಟೈಪ್ ಕೂಪೆಯೊಂದನ್ನು ಕೊಂಡೆ. ಅದು ತಯಾರಾದ ಬ್ರೌನ್ಸ್ ಲೇನ್ ಕಾರ್ಖಾನೆಯಿದ್ದ ಜಾಗ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಅಲ್ಲಿ ಕಾರು ಜೋಡಿಸುವ ಕೆಲಸ 2005ರಲ್ಲಿಯೇ ನಿಂತುಹೋಯಿತಾದರೂ, ಆ ರಸ್ತೆಯಲ್ಲಿ ಈ ಕಾರನ್ನು ಓಡಿಸುವಾಗ ತವರಿಗೆ ಕರೆತಂದಂತೆ ನನಗೆ ಅನ್ನಿಸುತ್ತದೆ.

ಕೊಳ್ಳುವಾಗ ಮಾರಿದವರು ಇಂಜಿನ್ ಮೂಲದ್ದೇ ಎಂದು ಹೇಳಿದ್ದರು. ನೋಂದಣಿ ಪತ್ರವಾದ ವಿ5ಸಿಯಲ್ಲಿ ನಮೂದಾಗಿದ್ದ ನಂಬರಿಗೂ ಇಂಜಿನ್ನಿನ ಮುಖ್ಯ ಎರಕವಾದ ಬ್ಲಾಕಿನ ಮೇಲಿದ್ದ ನಂಬರಿಗೂ ತಾಳೆಯಾದದ್ದರಿಂದ ನಾನೂ ನಂಬಿದೆ. ಕಳೆದ ತಿಂಗಳು ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟಿನಿಂದ ಕಾರ್ಖಾನೆಯ ದಾಖಲೆಯ ಪ್ರಮಾಣಪತ್ರವನ್ನು ತರಿಸಿಕೊಂಡಾಗ ನಿಜ ತಿಳಿಯಿತು. ಷಾಸಿ, ಬಾಡಿ, ಗೇರ್‌ಬಾಕ್ಸ್ ಮೂರರ ನಂಬರುಗಳೂ ಸರಿಯಾಗಿ ಹೊಂದುತ್ತವೆ. ಇಂಜಿನ್ ನಂಬರು ಮಾತ್ರ ಪ್ರಮಾಣಪತ್ರದಲ್ಲಿ ‘ಆರ್’ ಅಕ್ಷರದಿಂದ ಆರಂಭವಾಗಿ ‘-9’ ಎಂದು ಮುಗಿಯುತ್ತದೆ. ನನ್ನ ಕಾರಿನ ಬ್ಲಾಕಿನ ಮೇಲಿರುವುದು ‘7ಎಲ್’ ಎಂದು ಆರಂಭವಾಗುವ ನಂಬರು. ಇದು ಯಾವ ಕಾರಿನ ಇಂಜಿನ್? ಅರುವತ್ತು ವರ್ಷ ದಾಟಿದ ಈ ಕಾರಿನ ಮೂಲ ಇಂಜಿನ್ನನ್ನು ಇನ್ನೂ ಹುಡುಕಲು ಸಾಧ್ಯವೇ, ಸಾಧ್ಯವಿದ್ದರೆ ಎಲ್ಲಿಂದ ಆರಂಭಿಸಬೇಕು? ಹಣದ ಲೆಕ್ಕಕ್ಕಾಗಿ ಕೇಳುತ್ತಿಲ್ಲ, ಈ ಕಾರನ್ನು ಮಾರುವ ಯೋಚನೆ ನನಗಿಲ್ಲ. ಒಟ್ಟಿಗೆ ಹುಟ್ಟಿದ ಎರಡನ್ನು ಮತ್ತೆ ಒಟ್ಟಿಗೆ ಸೇರಿಸಬೇಕೆಂಬ ಆಸೆಯಷ್ಟೇ.

ಉತ್ತರ 1: ಹಳೇ ಗ್ಯಾರೇಜು, ಬರ್ಮಿಂಗ್‌ಹ್ಯಾಮ್

ನಮಸ್ಕಾರ. ನಿಮ್ಮ ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ‘7ಎಲ್’ ಎಂದರೆ 1968ರಲ್ಲಿ ಬಂದ ಎಕ್ಸ್‌ಜೆ6 ಸೆಡಾನಿನ 4.2 ಲೀಟರ್ ಇಂಜಿನ್. ನಿಮ್ಮ ಕಾರಿನಲ್ಲಿ ಇರಬೇಕಾದದ್ದು 3.8 ಲೀಟರಿನದು. ಆ ಕಾಲದ ಈ-ಟೈಪುಗಳ ಇಂಜಿನ್ ನಂಬರು ‘ಆರ್’ ಅಥವಾ ‘ಆರ್‌ಎ’ ಎಂದು ಆರಂಭವಾಗುತ್ತದೆ, ಕೊನೆಯ 9 ಎಂಬುದು 9:1ರ ಕಂಪ್ರೆಷನ್ ಅನುಪಾತದ (ಸಿಲಿಂಡರಿನೊಳಗೆ ಇಂಧನದ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬುದರ) ಗುರುತು. 1964ರ ಅಕ್ಟೋಬರಿನಿಂದ ಬಂದ 4.2 ಲೀಟರಿನ ಈ-ಟೈಪುಗಳದ್ದು ‘7ಇ’. ಹೀಗೆ ಒಂದೆರಡು ಅಕ್ಷರಗಳನ್ನು ನೋಡಿದರೆ ಸಾಕು, ಇಂಜಿನ್ ಯಾವ ಮನೆಯದೆಂದು ಹೇಳಿಬಿಡಬಹುದು.

ಇಂಥ ಬದಲಾವಣೆ ಏಕಾಯಿತು ಎಂಬುದನ್ನು ತಿಳಿದರೆ ಹುಡುಕಾಟದ ದಿಕ್ಕೂ ತಿಳಿಯುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಹಳೆಯ ಈ-ಟೈಪುಗಳಿಗೆ ಬೆಲೆಯೇ ಇರಲಿಲ್ಲ. ಬೇರಿಂಗ್ ಹೋದ ಇಂಜಿನ್ನನ್ನು ಪೂರ್ತಿ ಬಿಚ್ಚಿ ಸರಿಪಡಿಸುವ ಖರ್ಚಿನಲ್ಲಿ ಮತ್ತೊಂದು ಕಾರೇ ಬರುತ್ತಿತ್ತು. ಅದೇ ಹೊತ್ತಿಗೆ ತುಕ್ಕು ಹಿಡಿದು ಬಾಡಿ ಕೊಳೆತ, ಆದರೆ ಇಂಜಿನ್ ಗಟ್ಟಿಯಾಗಿಯೇ ಇದ್ದ ಎಕ್ಸ್‌ಜೆ6ಗಳು ಗುಜರಿಗೆ ಸಾಲುಸಾಲಾಗಿ ಬರತೊಡಗಿದವು. ಎರಡರಲ್ಲೂ ಇದ್ದದ್ದು ಒಂದೇ ವಂಶದ ಎಕ್ಸ್‌ಕೆ ಇಂಜಿನ್ನಾದ್ದರಿಂದ, ನಿಮ್ಮ ಮೂರು ಕಾರ್ಬ್ಯುರೇಟರುಗಳನ್ನು ಎಕ್ಸ್‌ಜೆ6ರ ಇಂಜಿನ್ನಿಗೆ ಕೂರಿಸಿ ಕಾರನ್ನು ಮತ್ತೆ ರಸ್ತೆಗಿಳಿಸುವುದು ಅಂದಿನ ಗ್ಯಾರೇಜುಗಳಿಗೆ ಸಹಜವಾದ ದಾರಿಯಾಗಿತ್ತು. ಹಾಗೆ ಮಾಡಿದವರನ್ನು ದೂರುವಂತಿಲ್ಲ. ಅವರು ಹಾಗೆ ಮಾಡಿದ್ದರಿಂದಲೇ ಎಷ್ಟೋ ಕಾರುಗಳು ಗುಜರಿಯ ಪಾಲಾಗದೆ ಉಳಿದಿವೆ.

ಈ ಎಕ್ಸ್‌ಕೆ ಇಂಜಿನ್ನಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಎರಡನೆಯ ಮಹಾಯುದ್ಧದ ಬಾಂಬು ದಾಳಿಯ ಕಾಲದಲ್ಲಿ, ಕೊವೆಂಟ್ರಿಯ ಕಾರ್ಖಾನೆಯಲ್ಲಿ ಬೆಂಕಿ ಬೀಳದಂತೆ ಕಾವಲಿರುವ ರಾತ್ರಿಪಾಳಿಯಲ್ಲಿ ಕಂಪನಿಯ ಮುಖ್ಯಸ್ಥ ವಿಲಿಯಂ ಲಯನ್ಸ್ ತಮ್ಮ ಇಂಜಿನಿಯರುಗಳಾದ ವಿಲಿಯಂ ಹೇನ್ಸ್, ವಾಲ್ಟರ್ ಹ್ಯಾಸನ್, ಕ್ಲಾಡ್ ಬೇಯ್ಲಿ ಅವರೊಂದಿಗೆ ಕುಳಿತು ಇದರ ರೂಪುರೇಷೆಯನ್ನು ಚರ್ಚಿಸುತ್ತಿದ್ದರು. 1948ರಲ್ಲಿ ಎಕ್ಸ್‌ಕೆ120 ಕಾರಿನೊಂದಿಗೆ ಲೋಕಕ್ಕೆ ಕಾಣಿಸಿಕೊಂಡ ಅದು ಮುಂದೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ತಯಾರಾಯಿತು. ಸ್ಕಾರ್ಪಿಯನ್ ಎಂಬ ಲಘು ಟ್ಯಾಂಕಿಗೂ ಇದರ 4.2 ಲೀಟರ್ ರೂಪವನ್ನೇ ಅಳವಡಿಸಿದ್ದರು. ಆದ್ದರಿಂದ ನಿಮ್ಮ ಇಂಜಿನ್ ಇನ್ನೊಂದು ಈ-ಟೈಪಿನಲ್ಲೇ ಇರಬೇಕೆಂದಿಲ್ಲ. ಮಾರ್ಕ್ 2, ಮಾರ್ಕ್ 10 ಸೆಡಾನುಗಳಲ್ಲಿಯೂ 3.8 ಇತ್ತು, ಅಂಥ ಒಂದು ಕಾರಿನೊಳಗೆ, ಅದರ ಮಾಲೀಕರಿಗೇ ಅರಿವಿಲ್ಲದೆ, ನಿಮ್ಮ ಬ್ಲಾಕ್ ಕುಳಿತಿರಬಹುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ವಿ5ಸಿಯಲ್ಲಿ ‘7ಎಲ್’ ನಂಬರು ಇದೆ ಎಂಬುದೇ ನಿಮಗೆ ಸಿಕ್ಕಿರುವ ದೊಡ್ಡ ಸುಳಿವು. ಯಾರೋ ಪ್ರಾಮಾಣಿಕರು ಇಂಜಿನ್ ಬದಲಾಯಿಸಿದ್ದನ್ನು ವಾಹನಗಳ ನೋಂದಣಿ ನೋಡಿಕೊಳ್ಳುವ ಸ್ವಾನ್ಸಿಯ ಡಿವಿಎಲ್‌ಎ ಕಚೇರಿಗೆ ತಿಳಿಸಿದ್ದಾರೆ. ನೀವು ವಿ888 ಅರ್ಜಿಯನ್ನು ತುಂಬಿ, ಕಾರಣವನ್ನು ಸ್ಪಷ್ಟವಾಗಿ ಬರೆದು, ನಿಮ್ಮ ಕಾರಿನ ಹಿಂದಿನ ದಾಖಲೆಯನ್ನು ಕೇಳಿರಿ. ಎಪ್ಪತ್ತರ ದಶಕಕ್ಕೆ ಮೊದಲು ನೋಂದಣಿಯ ಕೆಲಸ ಕೌಂಟಿ ಹಾಗೂ ನಗರ ಕೌನ್ಸಿಲುಗಳದ್ದಾಗಿತ್ತು. ಆ ಪುಸ್ತಕಗಳಲ್ಲಿ ಉಳಿದವು ಕೆಲವು ಜಿಲ್ಲಾ ಪತ್ರಾಗಾರಗಳಲ್ಲಿವೆ, ಕೆಲವು ಡ್ರಾಯಿಟ್‌ವಿಚ್ ಬಳಿಯ ಕಿಟ್‌ಹೆಡ್ ಟ್ರಸ್ಟಿನಲ್ಲಿವೆ. ಇಂಜಿನ್ನನ್ನು ಹುಡುಕುವುದೆಂದರೆ ಕಬ್ಬಿಣವನ್ನು ಹುಡುಕುವುದಲ್ಲ, ಅದನ್ನು ಇಳಿಸಿದ ದಿನ ಕಾರು ಯಾರ ಕೈಯಲ್ಲಿತ್ತು ಎಂಬುದನ್ನು ಹುಡುಕುವುದು. ಆ ಮನೆಯವರಿಗೆ ಗ್ಯಾರೇಜಿನ ಹೆಸರು ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು.

ಉತ್ತರ 2: ಲೇಥ್ ಮೇಷ್ಟ್ರು, ಬೆಂಗಳೂರು

ಮೇಲಿನವರು ಕಾಗದದ ದಾರಿಯನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಜೆ.ಸಿ. ರಸ್ತೆಯ ಹತ್ತಿರ ಮೂವತ್ತೈದು ವರ್ಷ ಇಂಜಿನ್ ಬೋರಿಂಗ್ ಕೆಲಸ ಮಾಡಿದವನು. ಬ್ಲಾಕ್ ಕಣ್ಣೆದುರಿಗೆ ಬಂದಾಗ ಅದನ್ನು ಹೇಗೆ ನೋಡಬೇಕೆಂಬುದನ್ನಷ್ಟೇ ಹೇಳಬಲ್ಲೆ.

ಈ ಇಂಜಿನ್ನಿನಲ್ಲಿ ನಂಬರನ್ನು ಎರಡು ಕಡೆ ಹೊಡೆದಿರುತ್ತಾರೆ: ಎರಕದ ಕಬ್ಬಿಣದ ಬ್ಲಾಕಿನಲ್ಲಿ ಆಯಿಲ್ ಫಿಲ್ಟರ್ ಕೂರುವ ಜಾಗದ ಮೇಲ್ಭಾಗದಲ್ಲಿ ಒಮ್ಮೆ, ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಅಲ್ಯೂಮಿನಿಯಂ ಹೆಡ್ಡಿನ ಮುಂಭಾಗದಲ್ಲಿ ಇನ್ನೊಮ್ಮೆ. ಹೆಡ್ ಬೇರೆ, ಬ್ಲಾಕ್ ಬೇರೆ ಆಗಿ ಬೇರೆಬೇರೆ ಊರು ಸೇರಿರುವುದು ತೀರ ಸಾಮಾನ್ಯ, ಆದ್ದರಿಂದ ಒಂದನ್ನು ನೋಡಿ ಇನ್ನೊಂದನ್ನು ಊಹಿಸಬೇಡಿ. ಬ್ಲಾಕಿನ ನಂಬರಿನ ಮೇಲೆ ಎಣ್ಣೆಯೂ ಧೂಳೂ ಸೇರಿ ಕಪ್ಪು ಹೆಪ್ಪುಗಟ್ಟಿರುತ್ತದೆ. ಅದನ್ನು ಎಂದಿಗೂ ವೈರ್ ಬ್ರಷ್ಷಿನಿಂದಾಗಲೀ ಎಮರಿ ಕಾಗದದಿಂದಾಗಲೀ ಉಜ್ಜಬೇಡಿ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಹತ್ತು ನಿಮಿಷ ಒತ್ತಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿ, ಒಣಗಿಸಿ, ಆಮೇಲೆ ಬಿಳಿ ಸೀಮೆಸುಣ್ಣವನ್ನು ಅಡ್ಡಲಾಗಿ ತಿಕ್ಕಿ ಅಂಗೈಯಿಂದ ಸವರಿಬಿಡಿ. ಪುಡಿ ಗುಳಿಗಳಲ್ಲಿ ಮಾತ್ರ ಉಳಿದು ಅಂಕಿಗಳು ಬೆಳ್ಳಗೆ ಎದ್ದು ನಿಲ್ಲುತ್ತವೆ. ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ, ಬ್ಲಾಕಿಗೆ ಬಹುತೇಕ ತಾಗಿಸಿ ಹಿಡಿಯಿರಿ.

ಆಗ ಅಂಕಿಗಳನ್ನು ಮಾತ್ರವಲ್ಲ, ಅವುಗಳ ಸುತ್ತಲಿನ ಮೈಯನ್ನೂ ನೋಡಬೇಕು. ಹಳೆಯ ನಂಬರನ್ನು ಅರೆದು ತೆಗೆದು ಹೊಸದನ್ನು ಹೊಡೆದಿದ್ದರೆ ಆ ಜಾಗ ಸ್ವಲ್ಪ ತಗ್ಗಾಗಿರುತ್ತದೆ, ಫೈಲಿನ ಅಥವಾ ಗ್ರೈಂಡರಿನ ಗೆರೆಗಳು ಕಾಣುತ್ತವೆ. ಅಂಕಿಗಳ ಅಂಚು ಹರಿತವಾಗಿದ್ದು ಉಳಿದ ಕಬ್ಬಿಣ ಮಾತ್ರ ಹಳತಾಗಿದ್ದರೆ ಅಲ್ಲಿಗೇ ಕೈಬಿಡಿ. ಈಗಿನ ಬೆಲೆಯಲ್ಲಿ ಇಂಥ ಮೋಸಕ್ಕೆ ಆಸೆಪಡುವವರು ಇದ್ದಾರೆ. ಎಲ್ಲೂ ಸಿಗದಿದ್ದರೆ ಬೇರೊಂದು 3.8 ಬ್ಲಾಕಿಗೆ ತಮ್ಮ ನಂಬರು ಹೊಡೆಸಿಬಿಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ಹಾಗೆ ಮಾಡಿದರೆ ತಮ್ಮ ಮೂಲ ಇಂಜಿನ್ನೂ ಸಿಗುವುದಿಲ್ಲ, ಇನ್ನೊಬ್ಬರ ಕಾರಿನ ಮೂಲ ಇಂಜಿನ್ನಿನ ಗುರುತೂ ಅಳಿದುಹೋಗುತ್ತದೆ.

ಬ್ಲಾಕ್ ಬರಿದಾಗಿ, ಬೋರ್, ಅಂದರೆ ಪಿಸ್ಟನ್ ಓಡಾಡುವ ರಂಧ್ರ, ತಿಂದುಹೋಗಿ ಸಿಕ್ಕರೂ ಬೇಸರ ಬೇಡ. 3.8ರ ಬ್ಲಾಕಿನ ಬೋರುಗಳೊಳಗೆ ಲೈನರುಗಳೆಂಬ ಕೊಳವೆಗಳಿವೆ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ 87 ಮಿಲಿಮೀಟರಿನ ಮೂಲ ಬೋರಿಗೆ ತರಬಹುದು. ನಂಬರು ಸವೆದಿದ್ದು ಸಂಶಯವಿದ್ದರೆ ಇದೇ ಅಳತೆ ಸಹಾಯಕ್ಕೂ ಬರುತ್ತದೆ; 4.2ರ ಬೋರ್ ಸುಮಾರು 92 ಮಿಲಿಮೀಟರ್. ಕೊಳ್ಳುವ ಮುನ್ನ ಪ್ರೆಷರ್ ಟೆಸ್ಟ್ ಮಾಡಿಸಿ. ಬಿರುಕು ಇದ್ದರೂ ಅದು ಎಲ್ಲಿದೆ ಎಂಬುದರ ಮೇಲೆ ಉಳಿಸಬಹುದೇ ಇಲ್ಲವೇ ಎಂದು ನಿರ್ಧರಿಸಬಹುದು.

ಉತ್ತರ 3: ಸ್ಯಾನ್ ಹೋಸೆಯಿಂದ

ನಾನು ಇಲ್ಲಿ 1966ರ 4.2 ಲೀಟರ್ ಈ-ಟೈಪ್ ಇಟ್ಟುಕೊಂಡಿದ್ದೇನೆ. ಈ-ಟೈಪುಗಳಲ್ಲಿ ಹೆಚ್ಚಿನವು ಅಮೆರಿಕಕ್ಕೆ ಬಂದವು. ಅನಂತರ ಬೆಲೆ ಏರಿದಾಗ ಎಷ್ಟೋ ಕಾರುಗಳೂ ಬಿಡಿಭಾಗಗಳೂ ಮತ್ತೆ ಇಂಗ್ಲೆಂಡಿಗೆ ಮರಳಿದವು. ಹಾಗಾಗಿ ಹುಡುಕಾಟವನ್ನು ಒಂದೇ ದೇಶಕ್ಕೆ ಸೀಮಿತಗೊಳಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಎಕ್ಸ್‌ಕೆಇಡೇಟಾ ಎಂಬ ಜಾಲತಾಣದಲ್ಲಿ ಲೋಕದೆಲ್ಲೆಡೆಯ ಮಾಲೀಕರು ತಮ್ಮ ಕಾರಿನ ಷಾಸಿ, ಇಂಜಿನ್, ಗೇರ್‌ಬಾಕ್ಸ್ ನಂಬರುಗಳನ್ನು ಫೋಟೊ ಸಮೇತ ದಾಖಲಿಸುತ್ತಾರೆ. ನಿಮ್ಮ ಕಾರನ್ನು ಅಲ್ಲಿ ಸೇರಿಸಿ, ಮೂಲ ಇಂಜಿನ್ ಬೇಕಾಗಿದೆ ಎಂದು ಸ್ಪಷ್ಟವಾಗಿ ಬರೆಯಿರಿ. ಜೊತೆಗೆ, ನಿಮ್ಮಲ್ಲಿರುವ ‘7ಎಲ್’ ನಂಬರನ್ನು ಎಕ್ಸ್‌ಜೆ6 ಇಟ್ಟುಕೊಂಡವರ ಬಳಗಗಳಲ್ಲಿಯೂ ಹಾಕಿ, ಏಕೆಂದರೆ ಅದನ್ನು ಹುಡುಕುವವರೂ ಇರಬಹುದು.

ಇನ್ನೊಂದು ವಿಷಯ. ಸೆಪ್ಟೆಂಬರಿನಲ್ಲಿ ಹ್ಯಾಂಪ್‌ಷೈರಿನ ಬ್ಯೂಲಿಯಲ್ಲಿ ನಡೆಯುವ ಹಳೆಯ ಬಿಡಿಭಾಗಗಳ ಸಂತೆಗೆ ನಾನು ಎರಡು ಸಲ ಬಂದಿದ್ದೇನೆ. ಅಲ್ಲಿ ಬ್ಲಾಕುಗಳನ್ನು ಹುಲ್ಲಿನ ಮೇಲೆ ಮಗುಚಿಟ್ಟು ಮಾರುತ್ತಿರುತ್ತಾರೆ. ಹೋಗುವಾಗ ನಿಮ್ಮ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ವ್ಯಾಪಾರಿಗಳಿಗೆ ಹಂಚಿರಿ. ಎಲ್ಲೇ ಸಿಕ್ಕಿದರೂ ಆ ನಂಬರು ನಿಮಗೆ ಎಷ್ಟು ಮುಖ್ಯವೆಂಬುದನ್ನು ಮೊದಲೇ ತೋರಿಸಿಕೊಳ್ಳದೆ, ಬೇರೆ ಯಾವುದೇ 3.8 ಬ್ಲಾಕಿಗೆ ಎಷ್ಟು ಕೊಡುತ್ತಾರೋ ಅದರಿಂದಲೇ ಮಾತು ಆರಂಭಿಸಿ.

ಕೊವೆಂಟ್ರಿ ಕನ್ನಡಿಗ (ಹತ್ತು ವಾರಗಳ ನಂತರ)

ಮೂವರಿಗೂ ಮನಸಾರೆ ವಂದನೆಗಳು. ಡಿವಿಎಲ್‌ಎಯಿಂದ ಬಂದ ಹಳೆಯ ದಾಖಲೆಯ ಪ್ರತಿಯಲ್ಲಿ ಇಂಜಿನ್ ಬದಲಾವಣೆ 1979ರಲ್ಲಿ ನಮೂದಾಗಿದೆ. ಆಗಿನ ಮಾಲೀಕರು ತೀರಿಕೊಂಡಿದ್ದಾರೆ. ಅವರ ಹಳೆಯ ವಿಳಾಸಕ್ಕೆ ನಾನು ಬರೆದ ಕಾಗದ ಅವರ ಮಗಳ ಕೈಸೇರಿ, ಅವರು ತಂದೆಯ ಕಡತವನ್ನೇ ತೆಗೆದು ನೋಡಿ ಗ್ಯಾರೇಜಿನ ಬಿಲ್ಲೊಂದರ ಫೋಟೊ ಕಳುಹಿಸಿದರು. ಮಡಿಕೆಯ ಗೆರೆಯಲ್ಲಿ ಅರ್ಧ ಹರಿದ ನೀಲಿ ಕಾಗದ. ಅದರ ಕೊನೆಯ ಸಾಲಿನಲ್ಲಿ, ಕಳಚಿದ 3.8 ಇಂಜಿನ್ನನ್ನು ಕೂಲಿಯ ಒಂದು ಭಾಗಕ್ಕೆ ಪ್ರತಿಯಾಗಿ ಗ್ಯಾರೇಜಿನವರು ಇಟ್ಟುಕೊಂಡಿದ್ದಾರೆ ಎಂದು ಪೆನ್ಸಿಲಿನಲ್ಲಿ ಬರೆದಿದೆ. ಆ ಗ್ಯಾರೇಜು ಮುಚ್ಚಿ ಬಹಳ ವರ್ಷಗಳಾಗಿವೆ.

ಆದರೆ ಕಳೆದ ವಾರ, ಜಾಲತಾಣದಲ್ಲಿ ನನ್ನ ನಂಬರನ್ನು ನೋಡಿದ ಯಾರ್ಕ್‌ಷೈರಿನ ಈ-ಟೈಪ್ ಮಾಲೀಕರೊಬ್ಬರು ಬರೆದರು. ಅವರ ಕಾರಿನ ಬ್ಲಾಕ್ ಅವರ ಪ್ರಮಾಣಪತ್ರಕ್ಕೆ ಸರಿಯಾಗಿ ಹೊಂದುತ್ತದೆ, ಹೆಡ್ ಮಾತ್ರ ಬೇರೆಯದು. ಆ ಹೆಡ್ಡಿನ ಮುಂಭಾಗದಲ್ಲಿರುವುದು ನನ್ನ ನಂಬರು, ಕೊನೆಯ 9ರ ಸಮೇತ. ಲೇಥ್ ಮೇಷ್ಟ್ರ ಮಾತು ಅಕ್ಷರಶಃ ನಿಜವಾಯಿತು. ಆ ಯಾರ್ಕ್‌ಷೈರಿನವರ ತಂದೆ ಆ ಹೆಡ್ಡನ್ನು ಎಂಬತ್ತರ ದಶಕದಲ್ಲಿ ಒಬ್ಬ ಬಿಡಿಭಾಗದ ವ್ಯಾಪಾರಿಯಿಂದ ತಂದದ್ದಂತೆ, ಆ ವ್ಯಾಪಾರಿಯ ಹಳೆಯ ಶೆಡ್ಡು ಈಗಲೂ ವ್ಯಾಪಾರಿಯ ಮಗನ ಸ್ವಾಧೀನದಲ್ಲಿದೆಯಂತೆ. ಹಿಂದಿನ ಗೋಡೆಗೆ ಒರಗಿಸಿಟ್ಟ ಐದಾರು ಎಕ್ಸ್‌ಕೆ ಬ್ಲಾಕುಗಳನ್ನು ಇಷ್ಟು ವರ್ಷ ಯಾರೂ ಮುಟ್ಟಿಲ್ಲವೆಂದು ಆತ ಫೋನಿನಲ್ಲಿ ಹೇಳಿದರು.

ಬರುವ ಶನಿವಾರ ಬೆಳಗ್ಗೆ ಆರಕ್ಕೆ ಹೊರಡುತ್ತಿದ್ದೇನೆ. ಸೀಮೆಎಣ್ಣೆ, ಬ್ರಷ್ಷು, ಟಾರ್ಚು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡಿದ್ದೇನೆ. ಸೀಮೆಸುಣ್ಣವನ್ನು ಮಗಳು ತನ್ನ ಪೆಟ್ಟಿಗೆಯಿಂದ ಕೊಟ್ಟಿದ್ದಾಳೆ. ಮೇಷ್ಟ್ರೇ, ಅಲ್ಲಿಂದ ಪ್ರತಿಯೊಂದು ಬ್ಲಾಕಿನ ಫೋಟೊವನ್ನೂ ಪಕ್ಕದ ಬೆಳಕಿನಲ್ಲಿ ತೆಗೆದು ಇಲ್ಲಿಯೇ ಹಾಕುತ್ತೇನೆ, ತಾವು ನೋಡಿ ಹೇಳುವವರೆಗೂ ಹಣ ಕೊಡುವುದಿಲ್ಲ.