ಪದಚರ್ಚೆ: ಜಿಮೇಲ್‌ನ ‘ಇನ್ವೈಟ್’ ಆಹ್ವಾನವೋ, ಕರೆಯೋಲೆಯೋ?

(ಜಿಮೇಲ್ 2007ರಲ್ಲಿ ಎಲ್ಲರಿಗೂ ಮುಕ್ತವಾಗುವ ಮೊದಲು, ಅದರ ಆರಂಭದ ದಿನಗಳಲ್ಲಿ ಬರೆದ ಪತ್ರ ಇದು. ಇಲ್ಲಿ ಹೇಳಿರುವ ಇನ್ವೈಟ್, ಗುಂಡಿಗಳ ವ್ಯವಸ್ಥೆಯೆಲ್ಲ ಆಗಿನದು.)

ಎಲ್ಲರಿಗೂ ನಮಸ್ಕಾರ.

ಗೂಗಲ್ ಸಂಸ್ಥೆ 2004ರ ಏಪ್ರಿಲ್ 1ರಂದು ಪ್ರಕಟಿಸಿದ ಜಿಮೇಲ್ ಸೇವೆಯನ್ನು ಬಳಸಲು ತೊಡಗುವುದು ಹೇಗೆ ಎಂದು ನಮ್ಮ ಮನೆಯ ಹಿರಿಯರಿಗಾಗಿ ಎರಡು ಪುಟದ ಕನ್ನಡ ಟಿಪ್ಪಣಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಪೆನ್ನು ನಿಂತಿದೆ. ನಿಲ್ಲಿಸಿದ ಪದ ‘ಇನ್ವೈಟ್’.

ಈ ಸೇವೆಯನ್ನು ಇನ್ನೂ ನೋಡದವರಿಗೆ ಎರಡು ಮಾತು. ಇಲ್ಲಿ ಯಾರು ಬೇಕಾದರೂ ನೇರವಾಗಿ ಹೋಗಿ ಖಾತೆ ತೆರೆಯುವಂತಿಲ್ಲ. ಈಗಾಗಲೇ ಖಾತೆ ಇರುವವರಿಗೆ ಗೂಗಲ್ ಆಗಾಗ ಕೆಲವು ‘ಇನ್ವೈಟ್’ ಕೊಡುತ್ತದೆ. ಅವರು ತಮ್ಮ ಪರಿಚಯದವರ ಹಳೆಯ ಮಿಂಚೆ (ಇ-ಮೇಲ್) ವಿಳಾಸಕ್ಕೆ ಅದನ್ನು ಕಳಿಸಬೇಕು. ಬಂದ ಪತ್ರದಲ್ಲಿರುವ ಕೊಂಡಿಯನ್ನು ಒತ್ತಿದಾಗ ನೋಂದಣಿಯ ಪುಟ ತೆರೆದುಕೊಳ್ಳುತ್ತದೆ. ಹಾಟ್‌ಮೇಲ್‌ನಲ್ಲಿ 2 ಎಂಬಿ, ಯಾಹೂನಲ್ಲಿ 4 ಎಂಬಿ ಜಾಗವಿದ್ದಾಗ ಇವರು 1 ಜಿಬಿ ಎಂದರು. ಹೇಳಿದ ದಿನವೂ ಏಪ್ರಿಲ್ 1 ಆದ್ದರಿಂದ ಅನೇಕರು ತಮಾಷೆ ಎಂದೇ ತಿಳಿದರು. ಈಗ ಅದೇ ಇನ್ವೈಟ್‌ಗಳು ಇಬೇ ಎಂಬ ಹರಾಜು ತಾಣದಲ್ಲಿ ದುಡ್ಡಿಗೆ ಮಾರಾಟವಾಗುತ್ತಿವೆ.

ನನ್ನ ತೊಡಕು ಶುರುವಾದದ್ದು ದೊಡ್ಡಪ್ಪನಿಂದ. ಅವರು ಸಾಗರದಲ್ಲಿದ್ದಾರೆ, ನಿವೃತ್ತ ಮೇಷ್ಟರು. ಅಮೆರಿಕದಲ್ಲಿರುವ ಮಗಳು ಮೊಮ್ಮಗುವಿನ ಫೋಟೊ ಕಳಿಸಿದಾಗಲೆಲ್ಲ ಅವರ ಹಳೆಯ ಅಂಚೆಪೆಟ್ಟಿಗೆ ತುಂಬಿ ಪತ್ರಗಳು ವಾಪಸು ಹೋಗುತ್ತಿದ್ದವು. ಹಾಗಾಗಿ ನನ್ನ ಪಾಲಿಗೆ ಬಂದ ಇನ್ವೈಟ್‌ಗಳಲ್ಲಿ ಮೊದಲನೆಯದನ್ನು ಅವರಿಗೇ ಕಳಿಸಿ, ಫೋನಿನಲ್ಲಿ “ದೊಡ್ಡಪ್ಪ, ನಿಮಗೊಂದು ಆಹ್ವಾನ ಕಳಿಸಿದ್ದೇನೆ, ನೋಡಿ” ಎಂದೆ. ಅವರು ಸಂಜೆ ಸೈಬರ್ ಕೆಫೆಗೆ ಹೋಗಿ ನೋಡಿ, ಅಲ್ಲಿಂದಲೇ ಫೋನ್ ಮಾಡಿದರು.

“ಆಹ್ವಾನ ಎಂದೆಯಲ್ಲ ಮಾರಾಯ, ಇದರಲ್ಲಿ ದಿನಾಂಕವಿಲ್ಲ, ಸ್ಥಳವಿಲ್ಲ. ಯಾವ ಕಾರ್ಯಕ್ಕೆ ಕರೆದಿದ್ದೀಯೆ? ಎಲ್ಲಿಗೆ ಬರಬೇಕು?”

ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆಹ್ವಾನ ಎಂದ ಕೂಡಲೇ ಕನ್ನಡಿಗರ ಕಣ್ಣ ಮುಂದೆ ಬರುವುದು ಅರಿಶಿನ ಹಚ್ಚಿದ ಪತ್ರಿಕೆ, ಮುಹೂರ್ತ, ಛತ್ರದ ಹೆಸರು, ಕೆಳಗೆ ಕರೆಯುವವರ ಹೆಸರು. ಕರೆದವನೇ ಆತಿಥೇಯ, ಅವನ ಮನೆಗೆ ಹೋಗಿ, ಉಂಡು, ಹರಸಿ ಬರುವುದು. ಜಿಮೇಲ್‌ನಲ್ಲಿ ಕರೆದವನು ನಾನು, ಆದರೆ ಮನೆ ನನ್ನದಲ್ಲ. ಬಂದವರು ನನ್ನ ಅತಿಥಿಯೂ ಆಗುವುದಿಲ್ಲ. ಅವರಿಗೆ ಅವರದೇ ಮನೆ, ಅವರದೇ ಬೀಗ ಸಿಗುತ್ತದೆ. ನನಗೆ ಅದರೊಳಗೆ ಇಣುಕುವ ಹಕ್ಕೂ ಇಲ್ಲ. ಈ ಸಂಬಂಧವನ್ನು ‘ಆಹ್ವಾನ’ ಹೇಳುತ್ತಿಲ್ಲ.

‘ಆಮಂತ್ರಣ’ವನ್ನು ತೂಗಿ ನೋಡಿದೆ. ಸಂಸ್ಕೃತ ವ್ಯಾಕರಣದಲ್ಲಿ ವಿಧ್ಯರ್ಥದ ಸೂತ್ರಕ್ಕೆ ವ್ಯಾಖ್ಯಾನ ಬರೆದವರು ನಿಮಂತ್ರಣಕ್ಕೂ ಆಮಂತ್ರಣಕ್ಕೂ ಭೇದ ಹೇಳಿದ್ದಾರೆ: ನಿಮಂತ್ರಣವನ್ನು ಒಪ್ಪಲೇಬೇಕು, ಶ್ರಾದ್ಧದ ಊಟಕ್ಕೆ ಕರೆದ ಹಾಗೆ, ಆಮಂತ್ರಣವನ್ನು ಒಪ್ಪುವುದು ಬಿಡುವುದು ಕರೆಸಿಕೊಂಡವನ ಇಷ್ಟ. ಆ ಲೆಕ್ಕದಲ್ಲಿ ಇಲ್ಲಿ ಆಮಂತ್ರಣವೇ ಸರಿ. ಆದರೆ ಕನ್ನಡದ ಬಳಕೆಯಲ್ಲಿ ಆ ಭೇದ ಅಳಿಸಿಹೋಗಿದೆ. ಆಮಂತ್ರಣವೆಂದರೂ ದೊಡ್ಡಪ್ಪ ದಿನಾಂಕವನ್ನೇ ಹುಡುಕುತ್ತಿದ್ದರು.

ಬರಿಯ ‘ಕರೆ’ ಈಗಾಗಲೇ ಬಹಳ ಹೊರೆ ಹೊತ್ತಿದೆ. ದೂರವಾಣಿ ಕರೆ, ಬಂದ್‌ಗೆ ಕರೆ, ಇನ್ನು ಇದೂ ಸೇರಿದರೆ ಕಷ್ಟ. ‘ರಹದಾರಿ’ ನನಗೆ ಪ್ರಿಯವಾದ ಪದ, ದಾರಿ ತೆರೆದುಕೊಡುವ ಅರ್ಥವೂ ಅದರಲ್ಲಿದೆ. ಆದರೆ ರಹದಾರಿ ಕೊಡುವುದು ಸರ್ಕಾರ, ಸ್ನೇಹಿತರಲ್ಲ. ‘ಶಿಫಾರಸು’ ಎಂದರೆ ಇನ್ನೊಬ್ಬರು ಒಪ್ಪಬೇಕು, ಇಲ್ಲಿ ನಾನು ಕಳಿಸಿದ ಮೇಲೆ ಯಾರ ಒಪ್ಪಿಗೆಯೂ ಬೇಕಿಲ್ಲ.

ನನ್ನ ಮನಸ್ಸು ವಾಲಿರುವುದು ‘ಕರೆಯೋಲೆ’ಯ ಕಡೆಗೆ. ಮದುವೆಯ ವಾಸನೆ ಇದಕ್ಕೂ ಇದೆ ಎಂಬ ಆಕ್ಷೇಪಣೆಯನ್ನು ಒಪ್ಪುತ್ತೇನೆ. ಆದರೂ ಎರಡು ಅನುಕೂಲ ಕಾಣುತ್ತಿವೆ. ಆಹ್ವಾನ ಕ್ರಿಯೆಯ ಹೆಸರು, ಕರೆಯುವುದು ಎಂದಷ್ಟೇ ಅರ್ಥ. ಅದು ವಸ್ತುವಾಗಬೇಕಾದರೆ ‘ಪತ್ರಿಕೆ’ ಎಂದು ಬಾಲ ಸೇರಿಸಬೇಕು. ಕರೆಯೋಲೆಯಲ್ಲಿ ಓಲೆ ಮೊದಲೇ ಇದೆ, ಕೈಗೆ ಸಿಗುವ ವಸ್ತುವಿದೆ. ‘ನನ್ನ ಬಳಿ ಮೂರು ಆಹ್ವಾನಗಳಿವೆ’ ಎಂದರೆ ಒಂದೇ ದಿನ ಮೂರು ಮದುವೆಗೆ ಹೋಗಬೇಕಾದವನ ಮಾತಿನಂತೆ ಕೇಳುತ್ತದೆ. ‘ನನ್ನ ಬಳಿ ಮೂರು ಕರೆಯೋಲೆ ಉಳಿದಿವೆ’ ಎಂದರೆ ಕೊಡಲು ಉಳಿದಿವೆ ಎಂದೇ ಅರ್ಥ. ಮಿಂಚೆಯ ಪಕ್ಕದಲ್ಲಿ ಓಲೆ ಚೆನ್ನಾಗಿ ಕೂರುತ್ತದೆ ಎಂಬುದು ಎರಡನೆಯದು.

ನಾಮಪದಕ್ಕಿಂತ ಕ್ರಿಯಾಪದವೇ ಇಲ್ಲಿ ಮುಖ್ಯವೇನೋ ಎಂಬ ಅನುಮಾನವನ್ನೂ ದೊಡ್ಡಪ್ಪನೇ ಹುಟ್ಟಿಸಿದರು. ಖಾತೆ ತೆರೆದಾದ ಮೇಲೆ ಅವರು ಹೇಳಿದ್ದು: “ಹಾಗಾದರೆ ನೀನು ನನ್ನನ್ನು ಕರೆದದ್ದಲ್ಲ, ಸೇರಿಸಿದ್ದು.” ಮಗುವಿನ ಕೈ ಹಿಡಿದು ಶಾಲೆಗೆ ಸೇರಿಸುತ್ತೇವೆ, ಶಾಲೆ ನಮ್ಮದಲ್ಲ, ಕಲಿಯುವವರೂ ನಾವಲ್ಲ, ಆದರೂ ನಾವಿಲ್ಲದೆ ಮಗು ಒಳಗೆ ಹೋಗುವುದಿಲ್ಲ. ನಲವತ್ತು ವರ್ಷ ಹಾಜರಿ ಪುಸ್ತಕ ಹಿಡಿದವರ ಬಾಯಿಂದ ಬಂದ ಈ ‘ಸೇರಿಸು’ ನಾನು ತಡಕಾಡುತ್ತಿದ್ದ ಸಂಬಂಧವನ್ನು ಸರಿಯಾಗಿ ಹಿಡಿದಿದೆ. ಬಾಗಿಲಲ್ಲಿ ತಡೆದಂತೆ ಕೇಳುವ ‘ಆಹ್ವಾನಿತರಿಗೆ ಮಾತ್ರ’ ಎಂಬ ಸಭಾಂಗಣದ ಫಲಕದ ಮಾತನ್ನು ಬಿಟ್ಟು, ಟಿಪ್ಪಣಿಯಲ್ಲಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಈಗಾಗಲೇ ಒಳಗಿರುವವರು ಸೇರಿಸಿದರೆ ಮಾತ್ರ ಸೇರಬಹುದು. ಸೇರಿಸುವವರು ನಿಮಗೊಂದು ಕರೆಯೋಲೆ ಕಳಿಸುತ್ತಾರೆ.’ ಇದು ಓದಲು ಸರಾಗವಾಗಿದೆಯೇ?

ಇನ್ನೊಂದು ಪದಕ್ಕೂ ನಿಮ್ಮ ನೆರವು ಬೇಕು: ‘ಆರ್ಕೈವ್’. ಜಿಮೇಲ್‌ನಲ್ಲಿ ಅಳಿಸುವ ಗುಂಡಿ ಎದ್ದು ಕಾಣುವುದಿಲ್ಲ, ಒಂದು ಪಟ್ಟಿಯೊಳಗೆ ಅಡಗಿದೆ. ಕಣ್ಣಿಗೆ ರಾಚುವುದು ಆರ್ಕೈವ್ ಗುಂಡಿ. ಅದನ್ನು ಒತ್ತಿದರೆ ಪತ್ರ ಎದುರಿನಿಂದ ಮರೆಯಾಗುತ್ತದೆ, ಆದರೆ ಉಳಿದಿರುತ್ತದೆ, ಹುಡುಕಿದರೆ ಸಿಗುತ್ತದೆ. ದೊಡ್ಡಪ್ಪ ಮೊಮ್ಮಗುವಿನ ಮೊದಲ ಫೋಟೊ ಬಂದ ಪತ್ರದ ಮೇಲೆ ಅದನ್ನು ಒತ್ತಿಬಿಟ್ಟು, ಕಳೆದೇಹೋಯಿತೆಂದು ರಾತ್ರಿ ಊಟ ಬಿಟ್ಟು ಕೂತಿದ್ದರಂತೆ. ಪದ ಸರಿಯಾಗಿದ್ದಿದ್ದರೆ ಆ ಗಾಬರಿ ತಪ್ಪುತ್ತಿತ್ತು. ಸರ್ಕಾರದಲ್ಲಿ ‘ಪತ್ರಾಗಾರ’ ಇದೆ, ರಾಜ್ಯದ ದಾಖಲೆಗಳನ್ನು ಕಾಯುವ ಇಲಾಖೆಗೆ ಅದು ತಕ್ಕ ಹೆಸರು, ಮೊಮ್ಮಗುವಿನ ಫೋಟೊಗೆ ಭಾರವಾಯಿತು.

ನನಗೆ ಹೊಳೆದದ್ದು ‘ಅಟ್ಟ’. ಈಗ ಬೇಡ, ಆದರೆ ಎಸೆಯಲು ಮನಸ್ಸಿಲ್ಲ ಎನ್ನುವುದನ್ನೆಲ್ಲ ನಮ್ಮ ಮನೆಗಳಲ್ಲಿ ಇಡುವುದು ಅಟ್ಟದ ಮೇಲೆ: ತೊಟ್ಟಿಲು, ದೊಡ್ಡ ಹಂಡೆ, ಹಳೆಯ ಪಂಚಾಂಗ. ‘ಅಟ್ಟಕ್ಕೆ ಹಾಕು’ ಎಂದರೆ ಯಾರಿಗೂ ವಿವರಣೆ ಬೇಡ. ಹಳೆಯ ಪದ ಹೊಸ ವಸ್ತುವಿಗೆ ಒಗ್ಗುವುದಿಲ್ಲ ಎನ್ನುವವರು ‘ಕಡತ’ವನ್ನು ನೆನೆಯಬೇಕು. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕ ಅದು. ಇಂದು ಕಚೇರಿಯ ಪ್ರತಿ ಫೈಲೂ ಕಡತವೇ. ‘ಅಂಚೆ’ಯೂ ಹಾಗೆಯೇ, ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷರ ಟಪಾಲು ಇಲಾಖೆಯಲ್ಲಿ ಸೇರಿಹೋದರೂ ಪದ ಉಳಿದು, ಈಗ ಮಿಂಚೆಯೊಳಗೂ ಬಂದು ಕೂತಿದೆ.

‘ಲೇಬಲ್’ ಅನ್ನು ‘ಚೀಟಿ’ ಎಂದಿದ್ದೇನೆ. ಒಂದೇ ಪತ್ರಕ್ಕೆ ಎರಡು ಮೂರು ಅಂಟಿಸಬಹುದಾದ್ದರಿಂದ ‘ವಿಭಾಗ’ ಹೊಂದುವುದಿಲ್ಲ, ‘ಹಣೆಪಟ್ಟಿ’ಗೆ ನಿಂದೆಯ ಛಾಯೆ ಇದೆ.

ಧಾರವಾಡ, ಬೀದರ್, ಮಂಗಳೂರು ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮ ಮನೆಗಳಲ್ಲಿ ಅಟ್ಟಕ್ಕೆ ಅಟ್ಟವೆಂದೇ ಹೇಳುತ್ತೀರಾ? ‘ಕರೆಯೋಲೆ’ ನಿಮ್ಮ ಊರಿನ ಹಿರಿಯರ ಬಾಯಲ್ಲಿ ಇದೆಯೇ, ಅಥವಾ ಅಚ್ಚಿನಲ್ಲಿ ಮಾತ್ರವೇ? ದೊಡ್ಡಪ್ಪನ ಮೂವರು ಹಳೆಯ ಸಹೋದ್ಯೋಗಿಗಳು ಸೇರಿಕೊಳ್ಳಲು ಕಾಯುತ್ತಿದ್ದಾರೆ, ನನ್ನ ಬಳಿ ಮೂರೇ ಉಳಿದಿವೆ. ಅವು ಹೊರಡುವಾಗ ಟಿಪ್ಪಣಿಯೂ ಜೊತೆಗೆ ಹೋಗಬೇಕು, ಆದ್ದರಿಂದ ಭಾನುವಾರದೊಳಗೆ ಉತ್ತರ ಸಿಕ್ಕರೆ ಉಪಕಾರವಾಗುತ್ತದೆ.